ಎರಡನೆಯ ನಲ್ಲಿ

ಆ ಮನೆಯಲ್ಲಿ ಹೊಡೆದಾಟಕ್ಕೊಂದು ಕ್ರಮವಿತ್ತು. ಮೊದಲು ಬಾಗಿಲು ಹಾಕಬೇಕು. ಆಮೇಲೆ ಕಿಟಕಿ. ಆಮೇಲೆ ಕೈ. ಬಾಯಿ ಮಾತ್ರ ತೆರೆಯಕೂಡದು.

ಅಣ್ಣ ತಮ್ಮ ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಹೀಗೇ ಹೊಡೆದಾಡುತ್ತ ಬಂದವರು. ಸದ್ದು ಅಕ್ಕನ ಕಿವಿಗೆ ಬಿದ್ದರೆ ಇಬ್ಬರಿಗೂ ಬೀಳುತ್ತಿತ್ತು, ಅವಳ ಏಟು ಇವರ ಏಟಿಗಿಂತ ಜಾಸ್ತಿ ನೋಯುತ್ತಿತ್ತು. ಹಾಗಾಗಿ ಮೂಗು ಒಡೆದುಕೊಂಡರೂ ಕೆಮ್ಮು ಬಂದವರ ಹಾಗೆ ಅಂಗೈ ಅಡ್ಡ ಹಿಡಿದು ಹೊರಗೆ ಬರುತ್ತಿದ್ದರು.

ಈಗ ಅಣ್ಣನ ತಲೆ ನರೆತಿದೆ. ಟೈರಿನ ಅಂಗಡಿ ಇಟ್ಟಿದ್ದಾನೆ. ತಮ್ಮನದು ಮಾಂಸದಂಗಡಿ. ಅವನ ಹೊಟ್ಟೆ ಮುಂದೆ ಬಂದಿದೆ, ಮುಂಗೈ ಮಾತ್ರ ಇನ್ನೂ ಕಬ್ಬಿಣ. ಇಬ್ಬರಿಗೂ ಮದುವೆಯಾಗಿ, ಇಬ್ಬರದೂ ಮುರಿದು, ಇಬ್ಬರೂ ಬಂದು ಬಿದ್ದದ್ದು ಅಕ್ಕನ ಮನೆಗೇ. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಮನೆ ಅವಳ ದುಡಿಮೆಯದು. ಇವರಿಗೆ ಬೇರೆ ಸೂರಿಲ್ಲ.

ಜಗಳದ ಮೂಲ ಹಿಂದಿನ ಕೋಣೆಯ ಫ್ರಿಜ್ಜು. ಅದರ ಬಾಗಿಲಿಗೆ ತೂತು ಕೊರೆದು ಬಿಯರಿನ ನಲ್ಲಿ ಕೂರಿಸಿದ್ದರು. ಒಳಗೆ ಉಕ್ಕಿನ ಪೀಪಾಯಿ, ಪಕ್ಕದಲ್ಲಿ ಸೋಡಾಕ್ಕೆ ತುಂಬುವಂಥ ಗ್ಯಾಸಿನ ಸಿಲಿಂಡರು. ಗ್ಯಾಸು ಪೀಪಾಯಿಯೊಳಗೆ ಒತ್ತುತ್ತದೆ, ಬಿಯರು ನಲ್ಲಿಗೆ ಏರುತ್ತದೆ. ಅಷ್ಟೇ ಯಂತ್ರ. ಅಣ್ಣನಿಗೆ ಅಂಗಡಿಯ ಹಳದಿ ಬಿಯರೇ ಆಗಬೇಕು. ತಮ್ಮ ತಾನೇ ಕಾಯಿಸಿ ಹುದುಗಿಸಿದ ಕಪ್ಪು ಬಿಯರು ಬಿಟ್ಟರೆ ಬೇರೆಯದನ್ನು ಮೂಸುವುದೂ ಇಲ್ಲ. ನಲ್ಲಿ ಒಂದೇ. ಪೀಪಾಯಿ ಬದಲಾದಾಗಲೆಲ್ಲ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಕಳೆದ ಸಲ ಅಣ್ಣ ಇನ್ನೂ ಅರ್ಧವಿದ್ದ ಕಪ್ಪು ಪೀಪಾಯಿಯನ್ನು ಬಿಚ್ಚಿ ಬಿಸಿಲಿಗೆ ಉರುಳಿಸಿದ್ದ. ತಮ್ಮ ಅವನ ಮುಖವನ್ನು ಫ್ರಿಜ್ಜಿನ ಅಂಚಿಗೆ ತಿಕ್ಕಿದ್ದ. ಹುಬ್ಬು ಸೀಳಿ ರಕ್ತ ಸುರಿಯಿತು. ಅಕ್ಕ ಅವನನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ ಸೂಜಿ ತೆಗೆದಳು. ಮರಗಟ್ಟಿಸುವ ಮದ್ದು ಕೊಡಲಿಲ್ಲ.

"ಅಕ್ಕ, ನೋಯ್ತದೆ."

"ನೋಯ್ಲಿ ಅಂತಾನೇ ಹಾಕ್ತಿರೋದು. ಅಲ್ಲಾಡಬೇಡ, ಕಣ್ಣೂ ಸೇರಿಸಿ ಹೊಲಿದುಬಿಡ್ತೀನಿ."

ಬಾಗಿಲಲ್ಲಿ ನಿಂತ ತಮ್ಮ ಕಿಸಕ್ಕೆಂದ. ಅಕ್ಕ ತಿರುಗದೆಯೇ ಹೇಳಿದಳು: "ಹಲ್ಲು ಕಿರೀಬೇಡ. ನಿಂಗೂ ಸೇರಿಸೇ ಹೇಳ್ತಿದೀನಿ. ಭಾನುವಾರ ಆ ಫ್ರಿಜ್ಜಿಗೆ ಇನ್ನೊಂದು ನಲ್ಲಿ ಹಾಕ್ಕೊಳಿ. ಅವನದು ಅವನಿಗೆ, ನಿಂದು ನಿಂಗೆ. ಆಮೇಲೂ ಒಬ್ಬನ ಮೇಲೆ ಒಬ್ಬ ಕೈ ಎತ್ತಿದ್ರೆ, ಫ್ರಿಜ್ಜನ್ನ ಸುತ್ತಿಗೇಲಿ ಪುಡಿ ಮಾಡ್ತೀನಿ, ನಿಮ್ಮಿಬ್ಬರ ಬಟ್ಟೆ ಬೀದಿಗೆ ಎಸೀತೀನಿ. ತಿರುಗಿ ಈ ಹೊಸಿಲು ತುಳೀಬಾರ್ದು."

ಹೇಳಿ ಸುಮ್ಮನಾಗಲಿಲ್ಲ. ಕಲ್ಲು ಒಡೆಯುವ ದೊಡ್ಡ ಸುತ್ತಿಗೆಯನ್ನು ಎಲ್ಲಿಂದಲೋ ತಂದು ಹಿಂದಿನ ಕೋಣೆಯ ಹೊರಗೋಡೆಗೆ ಒರಗಿಸಿಟ್ಟಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಕೂತರು. ಅಣ್ಣ ಹಳೆಯ ನಲ್ಲಿಯಿಂದ ಗೇಣು ಬಿಟ್ಟು ಗುರುತು ಹಾಕಿದ. ತಮ್ಮ ಡ್ರಿಲ್ಲು ಹಿಡಿದು ಎದೆಯಿಂದ ಒತ್ತಿದ. ತಗಡು ಕಿರುಚಿತು, ಒಳಗಿನ ಬಿಳಿ ಸ್ಪಂಜು ಪುಡಿಪುಡಿಯಾಗಿ ಹಾರಿತು. ತೂತಿನಲ್ಲಿ ಹೊಸ ನಲ್ಲಿಯ ಕೊಳವೆ ತೂರಿಸಿ, ವಾಷರ್ ಕೂರಿಸಿ, ಹಿಂದಿನಿಂದ ನಟ್ಟು ಬಿಗಿದರು. ಹಳದಿಯದೂ ಕಪ್ಪಿನದೂ ಎರಡೂ ಪೀಪಾಯಿಗಳನ್ನು ಒಳಗೆ ಜೋಡಿಸಿದರು. ಸಿಲಿಂಡರಿನಿಂದ ಬರುವ ಗ್ಯಾಸಿನ ಪೈಪನ್ನು ಕತ್ತರಿಸಿ ಎರಡು ಕವಲು ಮಾಡಿದರು. ಪೈಪು ಸಿಕ್ಕಿಸಿದಲ್ಲೆಲ್ಲ ಒಂದೊಂದು ಕ್ಲಿಪ್ಪು ಬಿಗಿಯಬೇಕು. ಒಂದು ಕ್ಲಿಪ್ಪು ಕಡಿಮೆ ಬಿತ್ತು. ಭಾನುವಾರ, ಅಂಗಡಿ ಬಾಗಿಲು ಹಾಕಿತ್ತು.

ತಮ್ಮ ಜೇಬಿನಿಂದ ಮಾಂಸದ ಸುರುಳಿ ಕಟ್ಟುವ ದಾರ ತೆಗೆದ. ಸುತ್ತಿದ, ಎಳೆದ, ಗಂಟು ಹಾಕಿದ. ಕುರಿಯ ಇಡೀ ತೊಡೆಯ ಭಾರ ಹೊರುವ ಗಂಟು ಅದು.

"ಇದೇನೋ, ಪೈಪನ್ನ ತೂಗು ಹಾಕ್ತೀಯ?" ಎಂದ ಅಣ್ಣ.

"ನೀನು ಗ್ಯಾಸು ಬಿಡು ನೋಡಾಣ. ಬಿಚ್ಚಿದ್ರೆ ಕೇಳು."

ಅಣ್ಣ ಸಿಲಿಂಡರಿನ ತಿರುಪನ್ನು ಚೂರೇ ತಿರುಗಿಸಿ, ಪಂಕ್ಚರು ಹುಡುಕುವ ಹಾಗೆ ಎಲ್ಲ ಜೋಡಣೆಗೂ ಸೋಪಿನ ನೊರೆ ಬಳಿದ. ಎಲ್ಲಿಯೂ ಗುಳ್ಳೆ ಏಳಲಿಲ್ಲ.

"ಪರ್ವಾಗಿಲ್ಲ ಕಣೋ. ಕತ್ತರಿಸೋದು ಬಿಟ್ಟು ಕಟ್ಟೋದೂ ಬರ್ತದೆ ನಿಂಗೆ."

ತಮ್ಮ ನಕ್ಕ. ಅಕ್ಕನ ಮನೆ ಉಳಿಯಿತು ಎಂದು ಇಬ್ಬರಿಗೂ ಆ ಹೊತ್ತಿಗೆ ಅನಿಸಿತು. ತಮ್ಮ ಗ್ಲಾಸು ಒರೆಸುತ್ತಿದ್ದ. ಅಣ್ಣ ಅವನ ಜೊತೆ ಮಾತಾಡುತ್ತಲೇ ತಿರುಪನ್ನು ಪೂರ್ತಿ ತಿರುಗಿಸಿದ. ದಿನವಿಡೀ ಕಾರಿನ ಚಕ್ರಕ್ಕೆ ಗಾಳಿ ತುಂಬುವ ಕೈ ಅದು. ಬಿಯರಿಗೆ ಬೇಕಾದಷ್ಟಕ್ಕೆ ನಿಲ್ಲಲಿಲ್ಲ, ಟೈರಿಗೆ ಬೇಕಾದಷ್ಟಕ್ಕೆ ಹೋಗಿ ನಿಂತಿತು.

ತಮ್ಮ ಹೊಸ ನಲ್ಲಿಗೆ ಗ್ಲಾಸು ಹಿಡಿದು ಹಿಡಿಕೆ ಎಳೆದ. ಕಪ್ಪು ಬಿಯರು ನೊರೆಯಾಗಿ ಸಿಡಿದು ಗ್ಲಾಸನ್ನು ಕೈಯಿಂದ ಕಿತ್ತಿತು, ಕಣ್ಣು ಮೂಗು ಬಾಯಿಗೆ ನುಗ್ಗಿತು. ಗ್ಲಾಸು ನೆಲಕ್ಕೆ ಬಿದ್ದು ಚೂರಾಯಿತು. ಹೇಗೋ ನಲ್ಲಿ ಮುಚ್ಚುವಷ್ಟರಲ್ಲಿ ಅವನು ಕಾಯಿಸಿ ವಾರಗಟ್ಟಲೆ ಕಾದಿದ್ದ ಬಿಯರು ಗೋಡೆಯ ಮೇಲೆ ಇಳಿಯುತ್ತಿತ್ತು.

"ಬೇಕೂ ಅಂತ ಮಾಡ್ದೆ," ಎಂದ ತಮ್ಮ.

"ಹುಚ್ಚು ಗಿಚ್ಚು ಹಿಡೀತಾ? ನಾನ್ಯಾಕೆ ಮಾಡ್ಲಿ?"

"ಬಿಸಿಲಿಗೆ ಹಾಕಿ ಕೊಂದೆ, ಸಾಲ್ಲಿಲ್ಲ. ಈಗ ಹಿಂಗೆ."

"ನಿನ್ನ ಆ ಚರಂಡಿ ನೀರನ್ನ ಕೊಲ್ಲಕ್ಕೆ ನಾನು ಬೇಕೇನೋ?"

ತಮ್ಮ ಎದ್ದು ಬಾಗಿಲು ಹಾಕಿದ. ಮೇಲಿನ ಚಿಲಕ ಏರಿಸಿದ. ಅಣ್ಣ ತಾನಾಗಿಯೇ ಹೋಗಿ ಕಿಟಕಿ ಮುಚ್ಚಿ ಬಂದ. ಹೊರಗೆ ಸುತ್ತಿಗೆ ಇದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಬಿಗಿಯಾಗಿ ಮುಚ್ಚಿದರು.

ಮೊದಲ ಏಟು ತಮ್ಮನದು, ಕಿವಿಯ ಬುಡಕ್ಕೆ. ಅಣ್ಣ ಸ್ಪ್ಯಾನರ್ ಎತ್ತಿ ಅವನ ಪಕ್ಕೆಗೆ ಬೀಸಿದ. ಒಳಗೆ ಏನೋ ಲಟಕ್ಕೆಂದಿತು. ತಮ್ಮ ಹಲ್ಲು ಕಚ್ಚಿ ನೋವು ನುಂಗಿ, ಅಣ್ಣನ ಹೊಸ ಹೊಲಿಗೆಗೇ ಗುರಿಯಿಟ್ಟು ಹಣೆಯಿಂದ ಗುದ್ದಿದ. ದಾರ ಹರಿದು ಹುಬ್ಬು ಬಾಯಿ ಬಿಟ್ಟಿತು. ಇಬ್ಬರೂ ತೆಕ್ಕೆಬಿದ್ದು ತೆರೆದ ಫ್ರಿಜ್ಜಿಗೆ ಅಪ್ಪಳಿಸಿದರು. ಪೀಪಾಯಿ ಅಲುಗಿತು. ಟೈರಿನ ಒತ್ತಡ ಒಳಗೆ, ಮಾಂಸದ ದಾರ ಹೊರಗೆ. ಪೈಪು ದಾರದ ಸಮೇತ ಕಳಚಿಕೊಂಡು ಹಾವಿನ ಹಾಗೆ ಹೊರಳಾಡಿ, ಸುಸ್ಸೆಂದು ಗ್ಯಾಸು ಬಿಡತೊಡಗಿತು.

ಅಣ್ಣನಿಗೆ ಆ ಸದ್ದು ಸದ್ದೇ ಅಲ್ಲ. ಬೆಳಗಿಂದ ಬೈಗಿನವರೆಗೆ ಅವನ ಅಂಗಡಿಯಲ್ಲಿ ಅದೇ. ತಮ್ಮನಿಗೆ ತನ್ನ ಕಿವಿಯೊಳಗಿನ ರಕ್ತದ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಅಣ್ಣ ಗಾಜಿನ ಚೂರಿನ ಮೇಲೆ ಅಂಗಾತ ಬಿದ್ದ. ತಮ್ಮ ಅವನ ಎದೆಯ ಮೇಲೆ ಮಂಡಿಯೂರಿ ಕುತ್ತಿಗೆಗೆ ಕೈ ಹಾಕಿದ. ಅಣ್ಣ ಅವನ ಹೆಬ್ಬೆರಳನ್ನು ಮೂಳೆ ಸಿಗುವ ತನಕ ಕಚ್ಚಿದ. ಇಬ್ಬರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಗಾಳಿಗಿಂತ ಭಾರವಾದ ಗ್ಯಾಸು ನೆಲದ ಮೇಲೆ ನೀರಿನ ಹಾಗೆ ತುಂಬುತ್ತಿತ್ತು, ಅಣ್ಣನ ತಲೆ ಅದರೊಳಗಿತ್ತು.

ಕಚ್ಚಿದ ಹಲ್ಲು ಸಡಿಲವಾಯಿತು.

ತಮ್ಮ ಕೈ ತೆಗೆದ. ಅಣ್ಣನ ತುಟಿ ನೀಲಿಯಾಗಿತ್ತು. ದಿನಾ ಕೊಲ್ಲುವ ಕೈ ಅವನದು, ಸತ್ತ ಕಣ್ಣು ಹೇಗಿರುತ್ತದೆ ಎಂದು ಚೆನ್ನಾಗಿ ಗೊತ್ತು.

"ಅಣ್ಣ," ಎಂದು ಪಿಸುಗುಟ್ಟಿದ. ಕೆನ್ನೆಗೆ ತಟ್ಟಿದ. "ಏಯ್, ನಾಟಕ ಬೇಡ."

ಅವನಿಗೇ ಉಸಿರು ಸಿಗುತ್ತಿರಲಿಲ್ಲ. ಎಷ್ಟು ಎಳೆದರೂ ಎದೆ ತುಂಬುತ್ತಿಲ್ಲ, ತಲೆಯೊಳಗೆ ಯಾರೋ ಕುಟ್ಟುತ್ತಿದ್ದಾರೆ. ಆಗ ಸುಸ್ಸೆನ್ನುವುದು ಕೇಳಿತು. ನೋಡಿದರೆ ಪೈಪಿನ ತುದಿಯಲ್ಲಿ ಹಿಮ ಕಟ್ಟಿದೆ, ತನ್ನ ದಾರದ ಗಂಟು ಹಾಗೆಯೇ ಇದೆ. ಅಣ್ಣನ ಕಂಕುಳಿಗೆ ಕೈ ಕೊಟ್ಟು ಎಳೆದ. ಮುರಿದ ಪಕ್ಕೆ ಚುಚ್ಚಿತು, ಮಂಡಿ ಮಡಿಸಿಕೊಂಡಿತು. ಗೋಡೆ ಹಿಡಿದು ಬಾಗಿಲಿಗೆ ತೆವಳಿದ. ಚಿಲಕ ಮೇಲಿತ್ತು, ಕೈ ಅಲ್ಲಿಯ ತನಕ ಏರಲಿಲ್ಲ.

ಕೂಗಿದರೆ ಅಕ್ಕ ಬರುತ್ತಾಳೆ. ಅಕ್ಕ ಬಂದರೆ ಮನೆ ಹೋಯಿತು. ಹಣೆಯನ್ನು ಬಾಗಿಲಿಗೆ ಒತ್ತಿದ. ಬಾಗಿಲು ಹಾಕಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಕೂಗಿರಲಿಲ್ಲ.

"ಅಕ್ಕಾ! ಅಕ್ಕಾ, ಅಣ್ಣ ಸಾಯ್ತಿದಾನೆ!"

ಸುತ್ತಿಗೆಯ ಮೊದಲ ಪೆಟ್ಟಿಗೆ ಹಲಗೆ ಸೀಳಿತು. ಮುಂದಿನದಕ್ಕೆ ಚಿಲಕ ಕಿತ್ತು ಬಂತು. ಅಕ್ಕ ತಮ್ಮನನ್ನು ಕೂದಲು ಹಿಡಿದು ಅಂಗಳಕ್ಕೆ ಎಸೆದಳು, ಉಸಿರು ಕಟ್ಟಿ ಒಳಗೆ ನುಗ್ಗಿ ಅಣ್ಣನನ್ನು ಕಾಲು ಹಿಡಿದು ಎಳೆದು ತಂದಳು. ಎದೆಯ ಮೇಲೆ ಎರಡೂ ಅಂಗೈ ಇಟ್ಟು ಕುಟ್ಟಿದಳು. ಒಂದು ಮೂಳೆ ಮುರಿದ ಸದ್ದಾಯಿತು. ನಿಲ್ಲಿಸಲಿಲ್ಲ. ಬಾಯಿಗೆ ಬಾಯಿ ಇಟ್ಟು ಊದಿದಳು, ಮತ್ತೆ ಕುಟ್ಟಿದಳು, ಬೈಯುತ್ತಲೇ ಕುಟ್ಟಿದಳು. ಕೊನೆಗೆ ಅಣ್ಣ ಕೆಮ್ಮಿ, ಅವಳ ತೊಡೆಯ ಮೇಲೆ ವಾಂತಿ ಮಾಡಿಕೊಂಡ.

ಅವಳು ಕಿಟಕಿಯನ್ನು ಹೊರಗಿನಿಂದ ಒಡೆದಳು. ಗ್ಯಾಸು ಹೋಗುವ ತನಕ ಕಾದು, ಒಳಗೆ ಹೋಗಿ ಸಿಲಿಂಡರು ಮುಚ್ಚಿ, ಪೈಪು ಹಿಡಿದುಕೊಂಡು ಬಂದಳು.

"ಈ ದಾರ ಯಾರದು?"

"ನಂದು," ಎಂದ ತಮ್ಮ.

"ಪ್ರೆಷರು ಅಷ್ಟಕ್ಕೆ ಇಟ್ಟಿದ್ದು ಯಾರು?"

ಅಣ್ಣ ಬೆರಳೆತ್ತಿದ. ಅವಳು ಅವನ ಗಲ್ಲ ಎತ್ತಿ ನೋಡಿದಳು. ಕುತ್ತಿಗೆಯ ಮೇಲೆ ಐದು ಬೆರಳೂ ಮೂಡಿದ್ದವು. ತಮ್ಮ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಲ್ಲಿ ಹಾಕಿದ್ಮೇಲೆ ತಾನೇ ಕೈ ಎತ್ತಿದ್ದು?"

"ಅಕ್ಕ, ಮೊದಲ್ನೇ ಗ್ಲಾಸೂ ಕುಡಿದಿಲ್ಲ," ಎಂದ ಅಣ್ಣ, ಗೊಗ್ಗರು ದನಿಯಲ್ಲಿ.

ಅಕ್ಕ ಸುತ್ತಿಗೆ ಎತ್ತಿಕೊಂಡು ಒಳಗೆ ಹೋದಳು. ಫ್ರಿಜ್ಜು ಪುಡಿಯಾಗುವುದನ್ನು ಇಬ್ಬರೂ ಅಂಗಳದಲ್ಲಿ ಕೂತು ಕೇಳಿದರು. ಹೊಸ ನಲ್ಲಿ ಒಡೆದ ಬಾಗಿಲ ಸಂದಿಯಿಂದ ಹಾರಿ ಬಂದು ಅವರ ಕಾಲ ಬಳಿ ಬಿತ್ತು. ಆಮೇಲೆ ಅವಳು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದು, ಪಟ್ಟಿ ಕಟ್ಟಿಸಿ, ಬಟ್ಟೆಯ ಚೀಲ ಕೈಗೆ ಕೊಟ್ಟು ಅಲ್ಲಿಂದಲೇ ಕಳಿಸಿದಳು.

ಬೀದಿಯ ತುಂಬ ಜನ. ಪಕ್ಕೆ ಹಿಡಿದುಕೊಂಡು ತಮ್ಮ ಎರಡೂ ಚೀಲ ಹೊತ್ತಿದ್ದ. ಅಣ್ಣನಿಗೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತಿತ್ತು.

"ದಾರ ಕಟ್ತಾನಂತೆ ದಾರ," ಎಂದ ಅಣ್ಣ.

ತಮ್ಮ ಚೀಲ ಕೆಳಗಿಟ್ಟ. ಮುಷ್ಟಿ ಬಿಗಿದ. ಅಣ್ಣನೂ ಬಿಗಿದ. ಇಬ್ಬರೂ ಅಭ್ಯಾಸಬಲದಿಂದ ಸುತ್ತ ಬಾಗಿಲು ಹುಡುಕಿದರು. ಎಲ್ಲ ಕಡೆ ಬೀದಿಯೇ ಇತ್ತು, ಜನ ನೋಡುತ್ತಿದ್ದರು. ಬಾಗಿಲಿಲ್ಲದ ಜಾಗದಲ್ಲಿ ಹೊಡೆಯುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ.

ತಮ್ಮ ಚೀಲ ಎತ್ತಿಕೊಂಡ. "ನಡಿ. ನಿನ್ನ ಅಂಗಡೀಲಿ ಮಲಗೋಣ," ಎಂದ. "ಷಟರು ಮಾತ್ರ ಎಳೀಬೇಡ."