ಕಿವಿಗೆ ಎಟುಕಿದ ಕೈ

ಘೋಣಸಗಿಯ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಗಂಭೀರ ಸಂಗತಿಯೊಂದಿದೆ: ಆ ಊರಿನ ಅರ್ಧ ಜನ ಹುಟ್ಟಿದ್ದು ಜೂನ್ ಒಂದರಂದು. ಮಳೆಗಾಲದಲ್ಲಿ ಹುಟ್ಟಿದವರೂ ಅಂದೇ, ಸುಗ್ಗಿಯಲ್ಲಿ ಹುಟ್ಟಿದವರೂ ಅಂದೇ. ಇದು ಗ್ರಹಗಳ ಕೆಲಸವಲ್ಲ, ಹೆಡ್ಮಾಸ್ತರರದು. ತಾರೀಖು ಗೊತ್ತಿಲ್ಲದ ಕೂಸನ್ನು ಕರೆತಂದರೆ ಅವರು ಬಲಗೈಯನ್ನು ನೆತ್ತಿಯ ಮೇಲಿಂದ ಎಡಗಿವಿಗೆ ಮುಟ್ಟಿಸಲು ಹೇಳುತ್ತಿದ್ದರು. ಮುಟ್ಟಿದರೆ ಆರು ವರ್ಷ. ಹುಟ್ಟಿದ್ದು ಜೂನ್ ಒಂದು.

ರುದ್ರವ್ವನ ಮಗಳು ವಿಜಯಲಕ್ಷ್ಮೀಯ ಕೈ ಮುಟ್ಟಿರಲಿಲ್ಲ. ಡೋಣಿ ಹೊಳೆ ಸೇತುವೆ ಹತ್ತಿ ದವಾಖಾನೆಯ ದಾರಿ ಮುಚ್ಚಿದ ವಾರ, ಸಾರವಾಡದ ತವರುಮನೆಯಲ್ಲಿ ಹುಟ್ಟಿದ ಕೂಸು ಅದು. ಹುಟ್ಟು ಬರೆಸುವ ನೆನಪು ಯಾರಿಗೂ ಆಗಲಿಲ್ಲ. ಸಾಲಿಗೆ ತಂದಾಗ ಇನ್ನೂ ಐದು ತುಂಬಿರಲಿಲ್ಲ. ಮನೆಯಲ್ಲಿ ಬಿಟ್ಟರೆ ರುದ್ರವ್ವನಿಗೆ ದ್ರಾಕ್ಷಿ ತೋಟದ ಕೂಲಿ ತಪ್ಪುತ್ತಿತ್ತು. ಮಾಸ್ತರರು ಹಾಜರಿ ಪುಸ್ತಕದತ್ತ ತಿರುಗಿದಾಗ ಅವಳು ಮಗಳ ಮೊಣಕೈ ಹಿಡಿದು ತುಸು ಜಗ್ಗಿದಳು.

"ಮುಟ್ಟೈತ್ರಿ ಮಾಸ್ತರ."

ಈ ಕಥೆಯನ್ನು ರುದ್ರವ್ವ ಎಷ್ಟೋ ಸಲ ನಗುತ್ತ ಮಗಳಿಗೆ ಹೇಳಿದ್ದಳು. ಮಗಳೂ ನಗುತ್ತಿದ್ದಳು. ಎಲ್ಲರಿಗಿಂತ ಸಣ್ಣವಳಾಗಿಯೂ ಅವಳೇ ತರಗತಿಗೆ ಮೊದಲು. ತಿಕೋಟಾದಲ್ಲಿ ಪಿಯುಸಿ ಆರ್ಟ್ಸ್ ಮುಗಿಸುವ ಹೊತ್ತಿಗೆ ಇತಿಹಾಸ ಕಲಿಸುವ ಮಿನಾಜ ಮೇಡಂ ಅವಳ ಕೈಗೆ ಕಾನೂನು ಪ್ರವೇಶ ಪರೀಕ್ಷೆಯ ದಪ್ಪ ಪುಸ್ತಕವೊಂದನ್ನು ಕೊಟ್ಟರು. ಸಂಜೆ ರುದ್ರವ್ವ ಅಕ್ಕಿ ಹಸನು ಮಾಡುತ್ತ ಕೂತರೆ ಮಗಳು ಎದುರಿಗೆ ಕೂತು ಪ್ರಶ್ನೆ ಕೇಳುವಳು.

"ಯವ್ವಾ, ವಯಸ್ಸಿನ ತಕರಾರ ಬಂದ್ರ ಮೊದಲ ಯಾವ ಪುರಾವೆ ನೋಡ್ತಾರ?"

"ಹಡದಾಕಿನ್ನ ಕೇಳ್ತಾರ."

"ಹಡದಾಕಿನ್ನ ಯಾರ ಕೇಳ್ತಾರಬೇ. ಸಾಲಿ ದಾಖಲೆ ಮೊದಲ. ಅದಿರಲಿಲ್ಲಂದ್ರ ಪಂಚಾಯ್ತಿ ಕಾಗದ. ಎರಡೂ ಇಲ್ಲಂದ್ರ ಎಲಬಿನ ತಪಾಸಣಿ."

"ಎಲಬ ಸುಳ್ಳ ಹೇಳಂಗಿಲ್ಲ ನೋಡ."

"ಅದಕ್ಕ ಅದನ್ನ ಕಡೀಕ ಇಟ್ಟಾರ."

ಆದರೆ ತೊಟ್ಟಿಲಲ್ಲೇ ಮಾತಾಗಿಹೋಗಿತ್ತು. ಹೆಸರಿಡುವ ದಿನ ಸೋದರತ್ತೆ ತೊಟ್ಟಿಲಿಗೆ ಕುಪ್ಪಸ ಹಾಕಿ, ಕೂಸು ತನ್ನ ಮಗ ಅಮೋಘಿಗೆ ಎಂದಿದ್ದಳು. ಅಮೋಘಿ ಈಗ ಬಬಲೇಶ್ವರದಲ್ಲಿ ಪೈಪಿನ ಅಂಗಡಿ ಇಟ್ಟಿದ್ದ. ಅಪ್ಪ ಭಾಗಪ್ಪ ಕಾಯ್ದೆಗೆ ತಲೆಬಾಗುವ ಮನುಷ್ಯ. "ಹದಿನೆಂಟು ತುಂಬೂತನಕ ನಾ ಮದುವಿ ಮಾತ ಎತ್ತಂಗಿಲ್ಲ," ಎನ್ನುತ್ತಿದ್ದ. ಜೂನ್ ಒಂದಕ್ಕೆ ಕಾಗದದಲ್ಲಿ ಹದಿನೆಂಟು ತುಂಬುತ್ತಿತ್ತು. ಐದಕ್ಕೆ ಮದುವೆಯ ಅಕ್ಕಿಕಾಳು ಎಂದು ನಿಶ್ಚಯಿಸಿದ. ಪರೀಕ್ಷೆ ಅದರ ಮುಂದಿನ ರವಿವಾರ, ವಿಜಯಪುರದಲ್ಲಿ.

ಮಿನಾಜ ಮೇಡಂ ಮನೆಗೇ ಬಂದರು. ಭಾಗಪ್ಪನ ತಾಯಿ ಲಕ್ಕವ್ವ ಚಹಾ ಕೊಟ್ಟು ಎದುರಿಗೇ ಕೂತಳು.

"ಐದು ವರ್ಷ ಓದಿದ್ರ ವಕೀಲ ಆಗ್ತಾಳ್ರಿ ಅಜ್ಜಿ."

"ವಾದ ಮಾಡವ್ರು ನಮ್ಮ ಮನ್ಯಾಗ ಈಗ ಕಡಿಮಿ ಅದಾರೇನ್ರಿ ಬಾಯಾರ? ಅಮೋಘಿ ಓದಬ್ಯಾಡ ಅಂದಿಲ್ಲ. ಅಲ್ಲಿ ಹೋಗಿ ಓದ್ಲಿ."

"ಹಂಗಂತ ಹೇಳಿ ಕಳಿಸಿದ ಆರು ಹುಡುಗ್ಯಾರು ನನ್ನ ಕ್ಲಾಸಿನ್ಯಾಗಿದ್ರು. ಒಬ್ಬಾಕೀನೂ ತಿರುಗಿ ಬರಲಿಲ್ಲ."

"ಗಂಡನ ಮನ್ಯಾಗ ಸುಖವಾಗಿದ್ದಾರು, ಅದಕ್ಕ ಬಂದಿಲ್ಲ," ಎಂದಳು ಲಕ್ಕವ್ವ. ಮೇಡಂ ಹೋದ ಮೇಲೆ ಸೊಸೆಗೆ ಮೆಲ್ಲಗೆ ಹೇಳಿದಳು: "ತೊಟ್ಟಿಲ ಮಾತು ಮುರದ ಮನಿ ಏಳಂಗಿಲ್ಲ. ಮಗಳ ಕಡೆ ಬಾಯಿ ತಗದಿ ಅಂದ್ರ ನೀನೂ ಸಾರವಾಡದ ಬಸ್ ಹತ್ತು."

ಅರಿಶಿನದ ದಿನ ವಿಜಯಲಕ್ಷ್ಮೀ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದಳು. ಮಧ್ಯಾಹ್ನ ಇಲಾಖೆಯ ಸಾಹೇಬರು ಬಂದರು. ಭಾಗಪ್ಪ ಸಾಲಿಯ ದಾಖಲೆ ತೋರಿಸಿದ. ಅವರು ಓದಿ, "ಹದಿನೆಂಟು ತುಂಬ್ಯಾವಲ್ಲ, ಮೊನ್ನೆ," ಎಂದರು.

"ಸರ್," ಎಂದಳು ಹುಡುಗಿ, ಕೆನ್ನೆಯ ಅರಿಶಿನ ಒರೆಸದೆ. "ಕಾಗದ ಸುಳ್ಳಿದ್ರ ನಾ ಸಣ್ಣಾಕಿ, ಮದುವಿ ಮಾಡಂಗಿಲ್ಲ. ಖರೇ ಇದ್ರ ನಾ ದೊಡ್ಡಾಕಿ, ಒಲ್ಲೆ ಅಂದಮ್ಯಾಲ ಮಾಡಂಗಿಲ್ಲ. ನೀವು ಯಾವುದ ಹಿಡೀತೀರಿ?"

ಸಾಹೇಬರು ನಿಜವಾಗಿ ಮೆಚ್ಚಿದರು. "ಚಲೋ ವಕೀಲ ಆಗ್ತಿದ್ದಿ ತಂಗಿ. ಒಲ್ಲೆ ಅನ್ನೂದು ಪೊಲೀಸ್ ಠಾಣೆಗೆ ಹೇಳು, ನಮ್ಮದು ವಯಸ್ಸಿಂದಷ್ಟ." ಆಮೇಲೆ ರುದ್ರವ್ವನ ಕಡೆ ತಿರುಗಿದರು. "ನೀವ ಹಡದವ್ರು, ನೀವ ಹೇಳ್ರಿ. ಕಾಗದ ಸುಳ್ಳಂದ್ರ ಎಲಬಿನ ತಪಾಸಣಿಗೆ ಬರಕೊಡ್ತೀನಿ. ಸುಳ್ಳ ಬರಸಿದವ್ರು ಯಾರಂತ, ಅದನ್ನೂ ಬರೀಬೇಕಾಗ್ತೈತಿ ಮತ್ತ."

ಹಡೆದವಳನ್ನು ಕೊನೆಗೂ ಯಾರೋ ಕೇಳಿದ್ದರು. ಅತ್ತೆ ನೋಡಿದಳು. ಗಂಡ ನೋಡಿದ. ಮಗಳು ನೋಡಿದಳು. ರುದ್ರವ್ವನ ಬಲಗೈ ಅರಿಶಿನದ ಬಟ್ಟಲಲ್ಲಿತ್ತು. ಅವಳು ಅದನ್ನು ಹೊರಗೆ ತೆಗೆಯಲಿಲ್ಲ.

"ಕಾಗದದಾಗ ಎಷ್ಟೈತಿ, ಅಷ್ಟರಿ."

ವಿಜಯಲಕ್ಷ್ಮೀ ಠಾಣೆಗೆ ಹೋಗಲಿಲ್ಲ. ಯಾರ ಮಾತಿಗೂ ಎದುರಾಡಲಿಲ್ಲ. ಪರೀಕ್ಷೆಯ ರವಿವಾರ ಅವಳು ಬಬಲೇಶ್ವರದಲ್ಲಿ ಬೀಗರಿಗೆ ಹೋಳಿಗೆ ಬಡಿಸುತ್ತಿದ್ದಳು. ದಪ್ಪ ಪುಸ್ತಕ, ಒಳಗಿನ ಹಾಲ್ ಟಿಕೆಟ್ ಸಮೇತ, ಘೋಣಸಗಿಯ ಮನೆಯ ಗೋಡೆಯ ಮಾಡದಲ್ಲೇ ಉಳಿಯಿತು. ರುದ್ರವ್ವ ಆಗಾಗ ಅದರ ಧೂಳು ಒರೆಸುತ್ತಿದ್ದಳು.

ಮುಂದಿನ ವರ್ಷದ ಶ್ರಾವಣದಲ್ಲಿ ಹೆರಿಗೆ ಕಷ್ಟವಾಗಿ ಮಗಳನ್ನು ವಿಜಯಪುರದ ಆಸ್ಪತ್ರೆಗೆ ತಂದರು. ಕೂಸು ಬದುಕಲಿಲ್ಲ, ರಕ್ತ ನಿಲ್ಲಲಿಲ್ಲ. ಚೀಟಿ ಬರೆಯುವವನು ವಯಸ್ಸು ಕೇಳುವ ಮೊದಲೇ ರುದ್ರವ್ವ, "ಹದಿನೇಳ್ರಿ," ಎಂದಳು.

ಅವನು ಆಧಾರ್ ನೋಡಿದ. "ಇದರಾಗ ಹತ್ತೊಂಬತ್ತು ಐತಲ್ಲ ಯವ್ವಾ."

"ಕೈ ಮುಟ್ಟಿರಲಿಲ್ಲರಿ. ನಾನ ಜಗ್ಗಿದ್ನಿ."

ಅವನಿಗೆ ಏನೂ ಅರ್ಥವಾಗಲಿಲ್ಲ. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು.

ವಿಜಯಲಕ್ಷ್ಮೀ ಮರುದಿನ ತೀರಿಕೊಂಡಳು. ಮರಣ ಪತ್ರದಲ್ಲಿ ಹತ್ತೊಂಬತ್ತು ಎಂದಿದೆ.