ಬಡಗಿಗೆ ಕೊಟ್ಟ ಬಾಟಲಿ

ಆ ವರ್ಷ ಹುರುಳಿಕಾಯಿ ಬಿಟ್ಟ ಬಗೆ ನೋಡಿ ಮನೆಯವರಿಗೇ ನಾಚಿಕೆಯಾಯಿತು. ಬೆಳಿಗ್ಗೆ ಬುಟ್ಟಿ ತುಂಬ ಕಿತ್ತಿಟ್ಟರೆ ಸಂಜೆಗೆ ಬಳ್ಳಿ ಮತ್ತೆ ಜೋತಾಡುತ್ತಿತ್ತು. ಬೇಸಿಗೆಯ ಕೊನೆಯ ವಾರಗಳವು. ಬಿಸಿಲು ಇಳಿಯುವ ಲಕ್ಷಣವಿರಲಿಲ್ಲ, ಬಾವಿಯ ನೀರು ಮಾತ್ರ ಇಳಿಯುತ್ತಿತ್ತು. ಪರಿಚಯದವರು ಆ ಕಡೆಯ ದಾರಿ ಹಿಡಿಯಲು ಹೆದರುತ್ತಿದ್ದರು. ಗೇಟಿನ ಮುಂದೆ ನಿಂತು ಕೆಮ್ಮಿದರೂ ಸಾಕು, ಒಂದು ಚೀಲ ಹುರುಳಿಕಾಯಿ ಕೈಗೆ ಬೀಳುತ್ತಿತ್ತು.

ಗಂಡ ಹೆಂಡತಿ ಪಟ್ಟಣ ಬಿಟ್ಟು ಈ ಒಂದೂವರೆ ಎಕರೆಗೆ ಬಂದು ನಾಲ್ಕು ವರ್ಷವಾಗಿತ್ತು. ಅವನು ಲಾರಿ ಡ್ರೈವರ್. ಈಗ ವಾರಕ್ಕೆ ಮೂರು ದಿನ ಮಾತ್ರ ಲಾರಿ, ಉಳಿದ ದಿನ ತೋಟ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಬಟ್ಟೆ ಕತ್ತರಿಸಿದವಳು. ಗಂಡನ ಅಕ್ಕ ಅವಳಿಗೆ 'ಕತ್ತರಿ' ಎಂದೇ ಹೆಸರಿಟ್ಟಿದ್ದಳು. ಕಸುಬಿಗೂ ನಾಲಿಗೆಗೂ ಬೇರೆ ಬೇರೆ ಹೆಸರು ಯಾಕೆ, ಒಂದೇ ಸಾಕು ಎಂಬ ಲೆಕ್ಕ. ಮದುವೆಯಾಗದ ಆ ಅತ್ತಿಗೆಯೂ ಇವರ ಜೊತೆಗೇ ಇದ್ದಳು. ಮಗಳು ಗುಬ್ಬಿಗೆ ಹತ್ತು ವರ್ಷ.

ಮೊದಲ ವರ್ಷದ ಬೆಳೆಯನ್ನು ಹುಳು ತಿಂದಿತು, ಎರಡನೆಯ ವರ್ಷ ಆಲಿಕಲ್ಲು ಹೊಡೆಯಿತು, ಮೂರನೆಯ ವರ್ಷ ತಮ್ಮದೇ ಮೇಕೆಗಳು ಬೇಲಿ ಹಾರಿ ಬಂದು ಆ ಉಪಕಾರ ಮಾಡಿದವು. ಹಾಗಾಗಿ ಈ ಸಲದ ಒಂದು ಕಾಯಿಯೂ ಹಾಳಾಗಬಾರದೆಂದು ಕತ್ತರಿ ಹಟ ಹಿಡಿದಳು. ಚಳಿಗಾಲಕ್ಕೆಂದು ಬಾಟಲಿಗೆ ತುಂಬಿಡುವುದು ಎಂದಾಯಿತು. ಗಾಜಿನ ಬಾಟಲಿಗಳು ಬಂದವು, ದೊಡ್ಡ ಪ್ರೆಶರ್ ಕುಕ್ಕರ್ ಬಂತು, ಹೇಗೆ ಮಾಡಬೇಕೆಂದು ಹೇಳುವ ಪುಸ್ತಕವೂ ಬಂತು. ಅಡುಗೆಮನೆಯ ಗೋಡೆಗೆ ಬಡಗಿ ನಾಲ್ಕು ಅಂತಸ್ತಿನ ಹಲಗೆ ಹೊಡೆದುಕೊಟ್ಟ. ಅರವತ್ತರ ಹತ್ತಿರದ ಮಾತುಗಾರ. ಹಲಗೆಯ ಮೇಲೆ ತಾನೇ ಹತ್ತಿ ಕೂತು, "ನನ್ನ ತೂಕ ತಡೀತು ಅಂದ್ಮೇಲೆ ನಿನ್ನ ಬಾಟಲಿ ಏನು ಮಹಾ, ತಂಗಿ" ಎಂದ. ಕೂಲಿ ಮುಟ್ಟಲಿಲ್ಲ. "ತುಂಬಿದ ಮೇಲೆ ಒಂದು ಬಾಟಲಿ ಕೊಡು, ಸಾಕು."

ಎರಡು ದಿನ ಕುಕ್ಕರಿನಲ್ಲಿ ಒಂದಿಷ್ಟು ಬಾಟಲಿ ಇಳಿಸಿದ್ದಾಯಿತು, ಮೂರನೆಯ ದಿನ ಅದರ ಗ್ಯಾಸ್ಕೆಟ್ ಹರಿಯಿತು. ಮುಚ್ಚಳದ ಸುತ್ತ ಹಬೆ ಸೋರತೊಡಗಿತು. ಶನಿವಾರ ಪಟ್ಟಣದಿಂದ ಹೊಸದು ತರುತ್ತೇನೆಂದ ಗಂಡ ಮರೆತು ಬಂದ. ಮುಂದಿನ ಶನಿವಾರವೂ ಮರೆತ. ಕಿತ್ತ ಕಾಯಿ ಎರಡು ಬುಟ್ಟಿಯಲ್ಲಿ ಬಾಡುತ್ತಿತ್ತು.

ಕತ್ತರಿ ಒಲೆಯ ಮೇಲೆ ದೊಡ್ಡ ಹಂಡೆ ಇಟ್ಟಳು.

"ಪುಸ್ತಕದಲ್ಲಿ ಕುಕ್ಕರೇ ಬೇಕು ಅಂತ ಇದೆಯಲ್ಲೇ?" ಎಂದಳು ಅತ್ತಿಗೆ.

"ಟೊಮೆಟೊ ಬಾಟಲಿನ ಹಂಡೇಲೇ ಕುದಿಸಿದ್ವಲ್ಲ? ಇದನ್ನ ಜಾಸ್ತಿ ಹೊತ್ತು, ಮೂರು ಗಂಟೆ ಕುದಿಸಿದ್ರಾಯ್ತು. ಪುಸ್ತಕ ಬರೆದೋರ ಮನೇಲಿ ಎರಡು ಬುಟ್ಟಿ ಕಾಯಿ ಕೊಳೀತಾ ಇರಲಿಲ್ಲ ಬಿಡಿ."

ಅತ್ತಿಗೆ ಕಾಯಿ ತೊಳೆಯಲು ಕೂತಳು. ಮೂರು ಗಂಟೆ ಸೌದೆ ಉರಿಸಿ, ಬೆವರು ಸುರಿಸಿ, ಹದಿನೆಂಟು ಬಾಟಲಿ ಇಳಿಸಿದರು. ಮುಚ್ಚಳಗಳು 'ಟಿಕ್' ಎಂದು ಒಳಕ್ಕೆ ಎಳೆದುಕೊಂಡಾಗ ಗುಬ್ಬಿ ಒಂದೊಂದನ್ನೂ ಎಣಿಸಿ ಚಪ್ಪಾಳೆ ತಟ್ಟಿದಳು. ಹಳೆಯವು, ಹೊಸವು ಎಂದಿಲ್ಲದೆ ಎಲ್ಲವೂ ಬಡಗಿಯ ಹಲಗೆಯ ಮೇಲೆ ಸಾಲಾಗಿ ನಿಂತವು. ಕತ್ತರಿ ಬಾಗಿಲಲ್ಲಿ ನಿಂತು ಅವನ್ನು ನೋಡಿದಳು. ಇಷ್ಟು ವರ್ಷದಲ್ಲಿ ಅವಳಿಗೆ ತನ್ನ ಕೈಕೆಲಸ ನೋಡಿ ಅಷ್ಟು ಹಿಗ್ಗಾದದ್ದು ಅದೇ ಮೊದಲು.

ಐದು ಬಾಟಲಿಗಳನ್ನು ಬೇಕಾದವರಿಗೆ ಕೊಟ್ಟಳು. ಬಡಗಿಗೆಂದು ಆರಿಸಿದ್ದು ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದನ್ನು. ಕಾಯಿಗಳು ಒಂದಕ್ಕೊಂದು ಅಂಟಿ ನೆಟ್ಟಗೆ ನಿಂತಿದ್ದವು.

ಮೂರು ವಾರ ಕಳೆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಗಂಡ ಹಾಲು ಕರೆಯಲು ಹೋದವನು ಕೊಟ್ಟಿಗೆಯ ಬಾಗಿಲಲ್ಲೇ ನಿಂತ.

"ಲೇ, ಮೇಕೆ ನಾಲ್ಕು ಕಾಣ್ತಿವೆ."

"ಎರಡು ಇದ್ದದ್ದು ನಾಲ್ಕಾದ್ರೆ ಒಳ್ಳೇದೇ ಆಯ್ತಲ್ಲ. ಕರೀರಿ."

ಅವನು ನಗಲಿಲ್ಲ. ಬಾಯಿ ಒಣಗುತ್ತಿದೆ ಎಂದು ಎರಡು ಚೊಂಬು ನೀರು ಕೇಳಿದ. ಕುಡಿದದ್ದು ಮೂಗಿನಿಂದ ಹೊರಬಂತು. ಹೊತ್ತೇರುವಷ್ಟರಲ್ಲಿ ರೆಪ್ಪೆಗಳು ಅರ್ಧಕ್ಕೆ ಇಳಿದವು. ಜ್ವರವಿಲ್ಲ, ನೋವಿಲ್ಲ, ನಾಲಿಗೆ ಮಾತ್ರ ದಪ್ಪವಾಗಿತ್ತು. ಹತ್ತಿರದ ಕ್ಲಿನಿಕ್ಕಿನವನು ಮೊದಲು ಅವನ ಬಾಯಿ ಮೂಸಿ ನೋಡಿದ. ಕುಡಿದಿಲ್ಲವೆಂದು ಖಾತ್ರಿಯಾದ ಮೇಲೆ ಬಿಸಿಲು ಬಡಿದಿರಬೇಕೆಂದ. ಸಂಜೆಗೆ ಕತ್ತು ನಿಲ್ಲದಾಯಿತು. ಬಸ್ಸಿನಲ್ಲಾದರೆ ಎರಡು ಗಂಟೆಯ ದಾರಿಯ ದೊಡ್ಡಾಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಒಯ್ದರು. ಬೆಳಗಾಗುವುದರೊಳಗೆ ಉಸಿರಾಟದ ಯಂತ್ರ ಹಾಕಿದ್ದರು.

ಅಲ್ಲಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕತ್ತರಿಯನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿದಳು:

"ಮನೇಲೇ ಬಾಟಲಿಗೆ ತುಂಬಿಟ್ಟಿದ್ದು ಏನಾದ್ರೂ ತಿಂದಿದ್ರಾ?"

"ಹುರುಳಿಕಾಯಿ. ಭಾನುವಾರ ತೋಟದಲ್ಲಿ. ಬಾಟಲಿಯಿಂದ ಹಾಗೇ, ಉಪ್ಪು ಹಚ್ಕೊಂಡು. ಆದ್ರೆ ನಾವೂ ತಿಂತಾನೇ ಇದ್ವಲ್ಲ? ನಮಗೇನೂ ಆಗಿಲ್ಲ."

"ನೀವು ಹೇಗೆ ತಿಂದ್ರಿ?"

"ಬೇಯಿಸಿ."

"ಅದಕ್ಕೇ. ಬರೀ ಕುದಿಯೋ ನೀರಿಗೆ ಆ ರೋಗಾಣುವಿನ ಬೀಜ ಸಾಯಲ್ಲ, ಮುಚ್ಚಿದ ಬಾಟಲಿಯೊಳಗೆ ಮೊಳೆತು ವಿಷ ಬಿಡುತ್ತೆ. ತಿನ್ನೋ ಮುಂಚೆ ಹತ್ತು ನಿಮಿಷ ಕುದಿಸಿದ್ರೆ ಆ ವಿಷ ಸಾಯುತ್ತೆ. ತಣ್ಣಗೆ ತಿಂದ್ರೆ ಬಿಡಲ್ಲ."

"ಮುಚ್ಚಳ ಉಬ್ಬಿರಲಿಲ್ಲ. ವಾಸನೆಯೂ ಇರಲಿಲ್ಲ, ಡಾಕ್ಟ್ರೇ."

"ಎಷ್ಟೋ ಸಲ ಇರಲ್ಲ. ಬೇರೆ ಯಾರಿಗಾದ್ರೂ ಕೊಟ್ಟಿದ್ದೀರಾ?"

ಹೊರಗೆ ಮೆಟ್ಟಿಲ ಹತ್ತಿರ ನಿಂತು ಅತ್ತಿಗೆಗೆ ಫೋನು ಮಾಡಿದಳು. ಪುಸ್ತಕದ ಮಾತನ್ನು ಅತ್ತಿಗೆ ಎತ್ತಲಿಲ್ಲ, ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

"ಯಾರ್ಯಾರಿಗೆ ಕೊಟ್ಟಿದ್ದೆ? ಹೇಳು, ಸೈಕಲ್ ತಗೊಂಡು ಹೊರಟೆ."

ಕತ್ತರಿ ನಾಲ್ಕು ಮನೆ ಹೇಳಿದಳು.

"ಬಡಗಿ ಮನೆಗೆ?"

"ಅಲ್ಲಿಗೆ ನಾನೇ ಹೋಗ್ತೀನಿ. ಬಸ್ಸು ಅವರ ಬಾಗಿಲಲ್ಲೇ ಹೋಗುತ್ತೆ. ನಾನೇ ಹೇಳ್ಬೇಕು ಅದನ್ನ."

ಬಸ್ಸಿನಲ್ಲಿ ಕೂತು ಬಡಗಿಗೆ ಏಳು ಸಲ ಫೋನು ಮಾಡಿದಳು. ಎತ್ತಲಿಲ್ಲ, ಕೆಲಸದ ಹೊತ್ತಿನಲ್ಲಿ ಅವನು ಫೋನು ಎತ್ತುವವನೇ ಅಲ್ಲ. ದಾರಿಯಲ್ಲಿ ಅತ್ತಿಗೆಯ ಫೋನು ಬಂತು. ಅಂಚೆಯವನ ಮನೆಯಲ್ಲಿ ಬಾಟಲಿ ತೆರೆದಿಲ್ಲ. ಟೀಚರ ಮನೆಯಲ್ಲಿ ಬೇಯಿಸಿ ತಿಂದು ಮುಗಿಸಿದ್ದಾರೆ, ಎಲ್ಲರೂ ಗಟ್ಟಿಯಾಗಿದ್ದಾರೆ. ಉಳಿದ ಇಬ್ಬರ ಬಾಟಲಿಯೂ ತೆರೆಯದೆ ಸಿಕ್ಕಿತು. ಕತ್ತರಿ ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿ, ಇನ್ನೊಂದು, ಇನ್ನೊಂದೇ ಒಂದು ಎಂದುಕೊಂಡಳು.

ಬಡಗಿಯ ಹೆಂಡತಿ ಅಂಗಳದಲ್ಲಿ ಚಾಪೆಯ ಮೇಲೆ ಈರುಳ್ಳಿ ಹರಡುತ್ತಿದ್ದಳು. ಇವಳನ್ನು ನೋಡಿ ಎದ್ದು ಒಳಗೆ ಹೋಗಿ, ಬಾಟಲಿಯೊಂದನ್ನು ಹಿಡಿದು ಬಂದಳು.

"ನಾನೇ ಕಳಿಸೋಣ ಅಂತಿದ್ದೆ. ತೊಳೆದಿಟ್ಟಿದ್ದೀನಿ ನೋಡು. ನಂಗೆ ಆ ಕಾಯಿ ಸೇರಲ್ಲ. ಸೋಮವಾರ ಮಧ್ಯಾಹ್ನ ಇವರೊಬ್ಬರೇ ಪೂರ್ತಿ ಖಾಲಿ ಮಾಡಿದ್ರು."

ಬಾಟಲಿ ಬಿಸಿಲಿಗೆ ಹೊಳೆಯುತ್ತಿತ್ತು. ಕತ್ತರಿ ಅದನ್ನು ಈಸಿಕೊಳ್ಳಲಿಲ್ಲ. "ಅಣ್ಣ ಎಲ್ಲಿ, ಅಕ್ಕಾ?"

"ಮಲಗಿದ್ದಾರೆ. ಬೆಳಿಗ್ಗೆಯಿಂದ ಕಣ್ಣು ಮಂಜು ಅಂತಿದ್ರು. ವಯಸ್ಸಾಯ್ತು, ಕನ್ನಡಕ ಮಾಡಿಸ್ರಿ ಅಂದ್ರೆ ಎಲ್ಲಿ ಕೇಳ್ತಾರೆ?"

ಬಡಗಿ ಒಳಗೆ ಗೋಡೆಗೆ ಒರಗಿ ಕೂತಿದ್ದ. ಒಂದು ರೆಪ್ಪೆ ಪೂರ್ತಿ ಇಳಿದಿತ್ತು. ಇನ್ನೊಂದನ್ನು ಬೆರಳಿನಿಂದ ಎತ್ತಿ ಹಿಡಿದು ಇವಳನ್ನು ನೋಡಿದ. "ತಂಗೀ," ಎಂದ, ಬಾಯಲ್ಲಿ ಹತ್ತಿ ತುರುಕಿದಂಥ ದನಿಯಲ್ಲಿ, "ಈ ಅಂಗಡಿಯ ಬಾಗಿಲು... ತಾನೇ ಮುಚ್ಕೊಳ್ತಿದೆ." ನಗಲು ನೋಡಿದ. ತುಟಿ ಮೇಲೇರಲಿಲ್ಲ.

ಆಂಬುಲೆನ್ಸಿನಲ್ಲಿ ಕತ್ತರಿ ಎಲ್ಲವನ್ನೂ ಹೇಳಿದಳು. ಬಡಗಿಯ ಹೆಂಡತಿ ಗಂಡನ ಕಾಲು ಒತ್ತುತ್ತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ. ತಲೆ ಎತ್ತಲಿಲ್ಲ.

ಪ್ರತಿವಿಷ ದೂರದ ಊರಿಂದ ಬರಬೇಕಿತ್ತು. ಮರುದಿನ ಬಂತು, ಇಬ್ಬರಿಗೂ ಕೊಟ್ಟರು. ಏರುವುದನ್ನು ಅದು ತಡೆಯುತ್ತದೆ, ಏರಿದ್ದನ್ನು ಇಳಿಸುವುದಿಲ್ಲ ಎಂದಳು ಡಾಕ್ಟರಮ್ಮ. ತಾನು ಬಸ್ಸಿನಲ್ಲಿ ಕಳೆದ ಆ ಎರಡು ಗಂಟೆ ಮೊದಲೇ ಬಡಗಿಯನ್ನು ಕರೆತಂದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಕತ್ತರಿ ಕೇಳಿದ್ದಕ್ಕೆ, ವ್ಯತ್ಯಾಸವಾಗುತ್ತಿರಲಿಲ್ಲ ಎಂದಳು. ಕತ್ತರಿ ಅದನ್ನು ನಂಬಲಿಲ್ಲ.

ಒಂಬತ್ತನೆಯ ದಿನ ಬಡಗಿ ತೀರಿಕೊಂಡ. ಎದೆಯಲ್ಲಿ ಸೋಂಕು ಸೇರಿತ್ತು.

ಮನೆಯಲ್ಲಿ ಉಳಿದಿದ್ದ ಬಾಟಲಿಗಳಲ್ಲಿ ಯಾವುದು ಕುಕ್ಕರಿನದು, ಯಾವುದು ಹಂಡೆಯದು ಎಂದು ಗುರುತಿರಲಿಲ್ಲ. ಆರೋಗ್ಯ ಇಲಾಖೆಯವನೊಬ್ಬ ಕೈಗವಸು ಹಾಕಿಕೊಂಡು ಬಂದು, ಎರಡನ್ನು ಪರೀಕ್ಷೆಗೆ ಒಯ್ದು, ಉಳಿದವನ್ನು ಏನು ಮಾಡಬೇಕೆಂದು ಹೇಳಿಹೋದ. ಅತ್ತಿಗೆ, ಕತ್ತರಿ ಸೇರಿ ಬೇಲಿಯಾಚೆ ಸೊಂಟದಾಳ ಗುಂಡಿ ತೋಡಿದರು. ಬಾಟಲಿಗಳನ್ನು ಮುಚ್ಚಿದಂತೆಯೇ ಮತ್ತೆ ಅದೇ ಹಂಡೆಯಲ್ಲಿ ಕುದಿಸಿ ಗುಂಡಿಗೆ ಇಳಿಸಿದರು. ಗುಬ್ಬಿ ದೂರದಲ್ಲಿ ನಿಂತಿದ್ದಳು. ಬಳ್ಳಿಯಲ್ಲಿ ಕಾಯಿ ಇನ್ನೂ ಬಿಡುತ್ತಲೇ ಇತ್ತು. ಅತ್ತಿಗೆ ಕುಡುಗೋಲು ತಂದು ಬುಡಕ್ಕೇ ಕೊಯ್ದು ಮೇಕೆಗಳಿಗೆ ಹಾಕಿದಳು.

ಗಂಡನಿಗೆ ಎಚ್ಚರವಿತ್ತು, ಅಷ್ಟೂ ದಿನ ಅವನಿಗೆ ಎಲ್ಲವೂ ಕೇಳಿಸುತ್ತಿತ್ತು, ಕಣ್ಣು ಬಿಡಲು ಮಾತ್ರ ಆಗುತ್ತಿರಲಿಲ್ಲ. ಬೆರಳು ಆಡತೊಡಗಿದಾಗ ನರ್ಸು ಸ್ಲೇಟು ಕೊಟ್ಟಳು. ಅವನು ಮೊದಲು ಬರೆದದ್ದು 'ಗುಬ್ಬಿ?' ಎಂದು. ಎರಡನೆಯದು 'ಬಡಗಿ?'

"ಚೆನ್ನಾಗಿದ್ದಾರೆ," ಎಂದಳು ಕತ್ತರಿ.

ಆ ಸುಳ್ಳನ್ನು ಐದು ವಾರ ಸಾಕಿದಳು. ಬಡಗಿ ಏನು ಮಾಡುತ್ತಿದ್ದಾನೆ, ಏನಂದ ಎಂದು ಅವನು ಬರೆದು ಕೇಳಿದಾಗಲೆಲ್ಲ ಹೊಸದೊಂದು ಹೊಲಿದು ಸೇರಿಸಿದಳು. ಅವನು ಮನೆಗೆ ಬಂದ ದಿನ, ಊರುಗೋಲು ಮೂಲೆಗೆ ಒರಗಿಸಿ ಮಂಚದ ಮೇಲೆ ಕೂತಮೇಲೆ, ನಿಜ ಹೇಳಿದಳು.

"ಗ್ಯಾಸ್ಕೆಟ್ಟು," ಎಂದ ಅವನು. "ಎರಡು ಸಲ. ಅಂಗಡಿ ಮುಂದೇನೇ ಲಾರಿ ನಿಲ್ಲಿಸಿದ್ದೆ ಕಣೆ. ಬೀಡಿ ತಗೊಂಡು ಬಂದೆ."

"ನೀವು ತರಲಿಲ್ಲ. ಕುದಿಸಿದ್ದು ನಾನು."

ಅವನು ಅತ್ತ. ಕಣ್ಣೊರೆಸಿಕೊಳ್ಳಲು ಕೈ ಎತ್ತಿದ. ಅದು ಎದೆಯವರೆಗೆ ಬಂದು ನಿಂತಿತು. ಅವಳು ಸೆರಗಿನಿಂದ ಒರೆಸಿದಳು.

ಅಷ್ಟರಲ್ಲಿ ಬಿಸಿಲಿನ ಜೋರು ಮುರಿದಿತ್ತು. ಕತ್ತರಿ ಬಡಗಿಯ ಮನೆಗೆ ಮೂರು ಸಲ ಹೋಗಿದ್ದಳು. ಮೂರು ಸಲವೂ ಬಾಗಿಲು ತೆರೆದಿರಲಿಲ್ಲ. ಒಂದು ದಿನ ಬಡಗಿಯ ಹೆಂಡತಿಯೇ ಬಂದು ಗೇಟಿನ ಆಚೆ ನಿಂತಳು.

"ಒಳಗೆ ಬರಲ್ಲ," ಎಂದಳು. "ಆಲೂಗಡ್ಡೆ ಅಗೀಬೇಕು. ಪ್ರತಿ ವರ್ಷ ಇವರೇ ಅಗೀತಿದ್ರು. ಕೂಲಿಗೆ ಯಾರೂ ಸಿಗ್ತಿಲ್ಲ."

"ನಾಳೆ ಬರ್ತೀನಿ, ಅಕ್ಕಾ."

ಎರಡು ದಿನ ಕತ್ತರಿ ಅಗೆದಳು, ಅವಳು ಆರಿಸಿ ಚೀಲಕ್ಕೆ ತುಂಬಿದಳು. ಮಾತಿರಲಿಲ್ಲ. ಮಧ್ಯಾಹ್ನ ಸಾಲಿನ ತುದಿಯಲ್ಲಿ ಒಂದು ಚೊಂಬು ನೀರು ಇಟ್ಟಿರುತ್ತಿತ್ತು, ಅಷ್ಟೇ. ಎರಡನೆಯ ದಿನ ಸಾಯಂಕಾಲ ಚೊಂಬಿನ ಪಕ್ಕ ಒಂದು ತುಂಡು ಬೆಲ್ಲವೂ ಇತ್ತು. ಕತ್ತರಿ ಅದನ್ನು ಬಾಯಿಗೆ ಹಾಕಿಕೊಂಡು, ಅಳು ಬಂದು, ಬೆನ್ನು ತಿರುಗಿಸಿ ಅಗೆಯುವುದನ್ನು ಮುಂದುವರಿಸಿದಳು.

ಮೂರನೆಯ ದಿನ ಬಡಗಿಯ ಹೆಂಡತಿ ಕೈ ನಿಲ್ಲಿಸಿದಳು.

"ಒಂದು ಕೇಳ್ತೀನಿ. ನಿಜ ಹೇಳು. ನೀವೂ ತಿಂದಿದ್ರಲ್ಲ? ನೀನು, ಮಗು, ನಿನ್ನ ಅತ್ತಿಗೆ?"

ಕತ್ತರಿ ಗುದ್ದಲಿಗೆ ಒರಗಿದಳು.

"ಟೀಚರ ಮನೇಲೂ ತಿಂದ್ರಂತೆ. ಬೇಯಿಸಿ ತಿಂದ್ರು, ಅದಕ್ಕೇ ಉಳಿದ್ರು ಅಂತ ಅಂಗಡೀಲಿ ಯಾರೋ ಅಂತಿದ್ರು." ಅವಳ ದನಿ ಸಣ್ಣದಾಯಿತು. "ಆವತ್ತು ಇವರು ಬಿಸಿ ಮಾಡ್ಕೊಡು ಅಂದ್ರು. ಸೆಕೆಗೆ ಬೆಂದುಹೋಗಿದ್ದೆ. ಮತ್ತೆ ಒಲೆ ಹಚ್ಚೋಕೆ ನನ್ನ ಕೈಲಾಗಲ್ಲ, ಹಾಗೇ ತಿನ್ರಿ ಅಂದೆ. ಬಿಸಿ ಮಾಡಿದ್ದಿದ್ರೆ ಉಳೀತಿದ್ರಾ?"

ಆಲೂಗಡ್ಡೆಯ ಮಣ್ಣು ಮೆತ್ತಿದ ಅವಳ ಕೈಗಳು ತೊಡೆಯ ಮೇಲೆ ಅಂಗಾತವಾಗಿದ್ದವು. ಬೇಕಾದದ್ದನ್ನು ಹಾಕಿ ಎಂದು ಚಾಚಿದ ಹಾಗೆ.

"ಇಲ್ಲ," ಎಂದಳು ಕತ್ತರಿ. "ಅಂಗಡಿಯೋರಿಗೇನು ಗೊತ್ತು? ಟೀಚರಿಗೆ ಸಿಕ್ಕಿದ್ದು ಕುಕ್ಕರಿನ ಬಾಟಲಿ, ನಾವು ತಿಂದಿದ್ದೂ ಅದೇ. ಅಣ್ಣಂಗೆ ಕೊಟ್ಟಿದ್ದು ಹಂಡೇದು. ಬಿಸಿ ಮಾಡಿದ್ರೂ ಅಷ್ಟೇ ಆಗ್ತಿತ್ತು. ನಿಮ್ಮದೇನೂ ಇಲ್ಲ ಅದ್ರಲ್ಲಿ."

"ಖಂಡಿತವಾಗಿ?"

"ಡಾಕ್ಟರೇ ಹೇಳಿದ್ರು."

ಬಡಗಿಯ ಹೆಂಡತಿಯ ಭುಜಗಳು ಇಳಿದವು. ಆಮೇಲೆ ಮುಖ ನಿಧಾನವಾಗಿ ಗಟ್ಟಿಯಾಯಿತು.

"ಹಾಗಾದ್ರೆ ಪೂರ್ತಿ ನಿನ್ನದೇ."

"ಹೌದು, ಅಕ್ಕಾ."

"ಅಕ್ಕಾ ಅನ್ನಬೇಡ." ಎದ್ದು ಸೀರೆ ಕೊಡವಿಕೊಂಡಳು. "ಉಳಿದ ಎರಡು ಸಾಲು ನಾನೇ ಅಗೀತೀನಿ. ನಾಳೆಯಿಂದ ಬರಬೇಡ. ಈ ಬಾಗಿಲಿಗೆ ಇನ್ನು ಬರಲೇಬೇಡ."

ಕತ್ತರಿ ಗುದ್ದಲಿಯ ಮಣ್ಣು ಕೆರೆದು, ಅದನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟು ಹೊರಟಳು. ಮನೆ ತಲುಪಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಜಗಲಿಯ ಮೇಲೆ ಗಂಡ ಮೆಕ್ಕೆಜೋಳದ ತೆನೆ ಹಿಡಿದು ಹೆಬ್ಬೆರಳಿನಿಂದ ಒಂದೊಂದೇ ಕಾಳು ಬಿಡಿಸಲು ಹೆಣಗುತ್ತಿದ್ದ. ಬಟ್ಟಲಿನಲ್ಲಿ ಒಂದು ಹಿಡಿಯೂ ಆಗಿರಲಿಲ್ಲ.

"ಇಷ್ಟು ಬೇಗ ಬಂದೆ? ಮುಗೀತಾ?" ಎಂದಳು ಅತ್ತಿಗೆ ಒಳಗಿನಿಂದ.

"ಮುಗೀತು," ಎಂದು ಕತ್ತರಿ ಕಾಲು ತೊಳೆದುಕೊಂಡು, ಗಂಡನ ಎದುರು ಕೂತು ಇನ್ನೊಂದು ತೆನೆ ಎತ್ತಿಕೊಂಡಳು.