ಜಾಲಿಹಳ್ಳದ ಸೇತುವೆಗೆ ಸುಣ್ಣ ಹೊಡೆಯುವ ಮುಂಚೆ

ನಿಮ್ಮೂರಿನ ಸೇತುವೆಗೆ ಕಳೆದ ಸಲ ಸುಣ್ಣ ಹೊಡೆದದ್ದು ಯಾವಾಗ? ಹೊಡೆಯುವ ಮುಂಚೆ ಯಾರಾದರೂ ಕೆಳಗಿಳಿದು ಅದರ ಕಮಾನಿನೊಳಗೆ ಬಗ್ಗಿ ನೋಡಿದಿರಾ? ನೋಡಿರಲಾರಿರಿ. ನಾವೂ ನೋಡಿರಲಿಲ್ಲ. ಅದಕ್ಕೇ ಈ ಕಥೆ.

ಸಾವಿರದ ಒಂಬೈನೂರ ಹದಿನಾಲ್ಕನೆಯ ಇಸವಿಯ ಬೇಸಿಗೆಯ ಮಾತಿದು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಗಾಡಿರಸ್ತೆಯಲ್ಲಿ ನಮ್ಮೂರಿನ ಪಕ್ಕ ಜಾಲಿಹಳ್ಳ ಹರಿಯುತ್ತದೆ. ಹರಿಯುತ್ತದೆ ಎಂದರೆ ವರ್ಷಕ್ಕೆ ಹತ್ತೋ ಹದಿನೈದೋ ದಿನ. ಉಳಿದ ದಿನ ಅಲ್ಲಿ ಬರೀ ಮರಳು. ಆದರೆ ಹರಿಯುವ ಆ ಹತ್ತು ದಿನ ಅದು ಎತ್ತು ಕಟ್ಟಿದ ಗಾಡಿಯನ್ನೂ ಹೊತ್ತೊಯ್ಯುವಂಥ ಹಳ್ಳ. ಅದರ ಮೇಲೆ ಮೂರು ಕಮಾನಿನ ಕಲ್ಲುಸೇತುವೆ ಇದೆ. ಧಾತು ಸಂವತ್ಸರದ ಬರದಲ್ಲಿ ಹೊಟ್ಟೆಪಾಡಿಗೆಂದು ಬಂದ ಜನ ಕಟ್ಟಿದ್ದು. ಚಳ್ಳಕೆರೆ ಸಂತೆಗೆ ಕಂಬಳಿ ಹೊತ್ತು ಹೋಗುವವರು, ಕುರಿಮಂದೆ ಹೊಡೆದುಕೊಂಡು ಹೋಗುವವರು, ಎಲ್ಲರೂ ಅದನ್ನೇ ದಾಟಬೇಕು.

ಆ ಬೇಸಿಗೆಯಲ್ಲಿ ರಸ್ತೆ ನೋಡುವ ಓವರ್ಸಿಯರು ಬಂದು ಸೇತುವೆಯ ಮುಂದೆ ಕುದುರೆ ಇಳಿದರು. ಹಿಂದಿನ ವರ್ಷ ಬಳಿದ ಸುಣ್ಣ ಹಪ್ಪಳದಂತೆ ಎದ್ದು ಉದುರುತ್ತಿತ್ತು. ಕೆಮ್ಮಣ್ಣಿನ ಪಟ್ಟೆ ಕೊಚ್ಚಿಹೋಗಿತ್ತು. ತಡೆಗೋಡೆಯ ಸಂದಿಯಿಂದ ಒಂದು ಅರಳಿಗಿಡ ಎದ್ದು ಆಳೆತ್ತರ ಬೆಳೆದು ನಿಂತಿತ್ತು.

"ಗೌಡರೇ, ಇದು ಸೇತುವೆಯೋ, ಪಾಳುಬಿದ್ದ ಗೋಡೆಯೋ?" ಎಂದರು ಓವರ್ಸಿಯರು. "ಮೃಗಶಿರಾ ಮಳೆಗೆ ಮುಂಚೆ ಮತ್ತೆ ಬರ್ತೀನಿ. ಆಗಲೂ ಹೀಗೇ ಇದ್ದರೆ ಎರಡೂ ಕಡೆ ಮುಳ್ಳು ಹಾಕಿಸಿ ಓಡಾಟ ನಿಲ್ಲಿಸ್ತೀನಿ."

ಸೇತುವೆಯ ಮೇಲಿನ ಓಡಾಟ ನಿಂತರೆ ಹಳ್ಳ ಬಂದ ದಿನ ಆ ದಡದವರು ಈ ದಡಕ್ಕೆ ಬರಲು ಎಂಟು ಮೈಲಿ ಸುತ್ತಬೇಕು.

ನಮ್ಮ ಗೌಡರು ಬೊಮ್ಮಲಿಂಗಪ್ಪನವರು ಒಳ್ಳೆಯವರು, ಆದರೆ ಅವರಿಗೆ ಎಲ್ಲಕ್ಕೂ ಸುಣ್ಣವೇ ಮದ್ದು. "ಈ ಸಲ ಮೂರು ಸಲ ಬಳ್ಸಾಣ. ಬೆಳ್ಳಗೆ ಮಾಡ್ಬಿಟ್ರೆ ಸಾಹೇಬ್ರು ಏನೂ ಅನ್ನಲ್ಲ," ಎಂದರು. ನಾವೆಲ್ಲ ತಲೆ ಆಡಿಸಿದೆವು. ನಮಗೂ ಅದೇ ಸುಲಭ.

ಆಡಿಸದೆ ನಿಂತವಳು ಕೊಲ್ಲಾಪುರಮ್ಮ ಒಬ್ಬಳೇ. ಗಾರೆ ಅರೆಯುವುದೇ ಅವಳ ಕಸುಬು. ಈ ಸೇತುವೆ ಕಟ್ಟುವಾಗ ಅವಳು ಹತ್ತು ವರ್ಷದ ಹುಡುಗಿ, ತಾಯಿಯ ಹಿಂದೆ ಗಾರೆ ಪುಟ್ಟಿ ಹೊತ್ತಿದ್ದಳು.

"ಗೌಡ್ರೇ, ಜ್ವರ ಬಂದೋನಿಗೆ ಹೊಸ ಅಂಗಿ ತೊಡಿಸಿದ್ರೆ ಜ್ವರ ಬಿಡ್ತೈತಾ? ಕೆಳಗೆ ಬನ್ರಿ, ತೋರಿಸ್ತೀನಿ," ಎಂದಳು.

ನಾವು ಹಳ್ಳಕ್ಕೆ ಇಳಿದೆವು. ಕಮಾನಿನ ಪಕ್ಕದ ಗೋಡೆಯಲ್ಲಿ ಆರು ಕಡೆ ಒಂದೊಂದು ಗೇಣು ಅಗಲ ಹೊಸ ಮಣ್ಣು ಮೆತ್ತಿದ ಗುರುತು ಇತ್ತು.

"ಇಲ್ಲಿದ್ದ ತೂತು ಏನಾದ್ವು?" ಕೇಳಿದಳು.

"ಅವಾ? ಅವುಗಳಿಂದ ಕರೇ ನೀರಿಳಿದು ಬಿಳೀ ಗೋಡೆ ತುಂಬ ಕಲೆ ಆಗ್ತಿತ್ತು. ನೋಡೋಕೆ ಅಸಹ್ಯ. ಹೋದ ವರ್ಷ ನಾನೇ ಮುಚ್ಚಿಸ್ದೆ," ಎಂದರು ಗೌಡರು, ಸ್ವಲ್ಪ ಹೆಮ್ಮೆಯಿಂದಲೇ. ಮಣ್ಣು ಕಲೆಸಿಕೊಟ್ಟವನು ನಾನು.

"ಅದು ಕಲೆ ಅಲ್ರೀ. ಮೇಲೆ ಬಿದ್ದ ಮಳೆನೀರು ಸೇತುವೆ ಒಳಗಿನ ಮಣ್ಣಿಗೆ ಇಳೀತೈತೆ. ಅದು ಆಚೆ ಹೋಗೋಕೆ ನಮ್ಮವ್ವನ ಕಾಲದೋರು ದಾರಿ ಬಿಟ್ಟಿದ್ರು. ನೀವು ದಾರಿ ಮುಚ್ಚಿದ್ರಿ. ಒಳಗೆ ನಿಂತ ನೀರು ಈಗ ಗೋಡೇನೇ ಆಚೆ ದಬ್ತೈತೆ. ನಂಬಿಕೆ ಇಲ್ದಿದ್ರೆ ನಾಕು ಕೊಡ ನೀರು ತರಿಸಿ."

ನಾಲ್ಕು ಕೊಡ ನೀರನ್ನು ಸೇತುವೆಯ ಮೇಲೆ ಅರಳಿಗಿಡದ ಬುಡದ ಹತ್ತಿರ ಸುರಿದೆವು. ಕೆಳಗೆ ಕಾದು ನಿಂತೆವು. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತಿಗೆ ನೀರು ಬಂತು. ಗಿಡದ ಬೇರು ಇಳಿದಿದ್ದ ಬಿರುಕಿನ ಉದ್ದಕ್ಕೂ ಗಾರೆಯ ಪುಡಿಯನ್ನು ಹೊತ್ತುಕೊಂಡು ಸೋರಿತು. ನಮ್ಮ ಸುಣ್ಣ ಆ ಬಿರುಕನ್ನು ಇಡೀ ವರ್ಷ ಮುಚ್ಚಿಟ್ಟಿತ್ತು.

ಗೌಡರ ಮುಖ ಸಣ್ಣಗಾಯಿತು. "ಸರಿ, ಗಿಡ ಕೀಳ್ಸಿ," ಎಂದರು.

ಅಲ್ಲಿಗೆ ಬಂತು ನಿಜವಾದ ತೊಡಕು. ಆ ಗಿಡ ಬೊಮ್ಮಕ್ಕನದು.

ಬೊಮ್ಮಕ್ಕ ಕುರಿಹಟ್ಟಿಯ ಹೆಂಗಸು. ಮಗಳು ಜುಂಜಮ್ಮನನ್ನು ಹಳ್ಳದ ಆಚೆ ದಡದ ಹಟ್ಟಿಗೆ ಕೊಟ್ಟಿದ್ದಳು. ಜುಂಜಮ್ಮನ ಮೊದಲ ಎರಡು ಕೂಸುಗಳು ವರ್ಷ ತುಂಬುವ ಮುಂಚೆ ಹೋಗಿಬಿಟ್ಟವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಬೊಮ್ಮಕ್ಕ ಸೇತುವೆಯ ಅರಳಿಗಿಡಕ್ಕೆ ಅರಿಶಿನದ ದಾರ ಕಟ್ಟಿ ಹರಕೆ ಹೊತ್ತಳು. ಕೂಸು ಉಳಿಯಿತು. ಕ್ಯಾತಣ್ಣ ಎಂದು ಹೆಸರಿಟ್ಟರು, ಈಗ ಹತ್ತು ತಿಂಗಳು. ಅಂದಿನಿಂದ ಪ್ರತಿ ಸೋಮವಾರ ಜುಂಜಮ್ಮ ಆಚೆಯಿಂದ, ಬೊಮ್ಮಕ್ಕ ಈಚೆಯಿಂದ ಬಂದು ಗಿಡಕ್ಕೆ ತಂಬಿಗೆ ನೀರು ಹಾಕುತ್ತಿದ್ದರು. ಕೂಸನ್ನು ಗಿಡದ ಪಕ್ಕದ ಗೋಡೆಕಲ್ಲಿನ ಮೇಲೆ ಕೂರಿಸಿ ಅದರ ಹಣೆಗೆ ವಿಭೂತಿ ಇಡುತ್ತಿದ್ದರು.

ಗಿಡ ಕೀಳುತ್ತಾರೆಂದು ಕೇಳಿ ಬೊಮ್ಮಕ್ಕ ಬಂದು ಅದರ ಬುಡಕ್ಕೆ ಬೆನ್ನು ಕೊಟ್ಟು ಕೂತಳು.

"ಕೊಡಲಿ ಹಾಕೋರು ಮೊದ್ಲು ನನ್ನ ಮೇಲೆ ಹಾಕ್ಲಿ," ಎಂದಳು.

ಎರಡು ದಿನ ಅಲ್ಲೇ ಕೂತಳು. ಬುತ್ತಿ ಅಲ್ಲಿಗೇ ತರಿಸಿಕೊಂಡಳು. ಗೌಡರು ಹೇಳಿ ಸೋತರು. ಪೂಜಾರಿ ಹೇಳಿ ಸೋತರು. ಮೂರನೆಯ ದಿನ ಸೋಮವಾರ. ಕೊಲ್ಲಾಪುರಮ್ಮ ಬಂದು ಅವಳ ಪಕ್ಕದಲ್ಲಿ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು.

"ಬೊಮ್ಮಕ್ಕ, ಗಿಡ ಕಡೀರಿ ಅಂತ ನಾನು ಅಂದಿಲ್ಲ. ಕಡಿದ್ರೆ ಪ್ರಯೋಜನಾನೂ ಇಲ್ಲ, ಒಳಗೆ ಉಳಿದ ಬೇರು ಮತ್ತೆ ಚಿಗುರ್ತೈತೆ. ಸುತ್ತಲ ಕಲ್ಲು ಬಿಚ್ಚಿ, ಬೇರು ಸಮೇತ ಎತ್ತಿ, ದಡದ ಮೇಲೆ ನೆಡಾಣ. ಕಟ್ಟೆ ಕಟ್ಟಿ ಕೊಡ್ತೀನಿ. ನೀನು ಅಲ್ಲೇ ನೀರು ಹಾಕು."

"ಎತ್ತಿದ್ ಗಿಡ ಬದುಕ್ತೈತೆ ಅಂತ ಆಣೆ ಮಾಡ್ತೀಯಾ?"

"ಆಣೆ ಮಾಡಾಕಾಗಲ್ಲ. ಮಣ್ಣಿಲ್ದ ಸಂದೀಲಿ ಬದುಕಿದ್ ಗಿಡ, ಮಣ್ಣಲ್ಲಿ ಬದುಕ್ಬೇಕು. ಅಷ್ಟೇ ಹೇಳಬಲ್ಲೆ."

"ಅದು ಒಣಗಿದ್ರೆ ನನ್ ಮೊಮ್ಮಗನ ಗತಿ ಏನೇ? ಎರಡು ಕೂಸು ಮಣ್ಣಿಗೆ ಇಟ್ಟಿದೀನಿ ಈ ಕೈಲಿ. ಸೇತುವೆ ಬಿದ್ರೆ ಬೀಳ್ಲಿ. ಸುತ್ತಿ ಹೋಗ್ತೀವಿ."

ಬೊಮ್ಮಕ್ಕನ ಹೆದರಿಕೆ ಸುಳ್ಳಲ್ಲ. ಎರಡು ಸಲ ಕೈ ಸುಟ್ಟುಕೊಂಡವಳು ಅವಳು.

ಅಷ್ಟರಲ್ಲಿ ಆಚೆ ದಡದಿಂದ ಜುಂಜಮ್ಮ ಬಂದಳು. ಎಂದಿನಂತೆ ಗಿಡಕ್ಕೆ ನೀರು ಹಾಕಿದಳು. ಎಂದಿನಂತೆ ಕೂಸನ್ನು ಎತ್ತಿ ಗೋಡೆಕಲ್ಲಿನ ಮೇಲೆ ಕೂರಿಸಿದಳು.

ಕೊಲ್ಲಾಪುರಮ್ಮ ಆ ಕಲ್ಲಿನ ಬುಡವನ್ನೇ ನೋಡುತ್ತಿದ್ದಳು. "ಜುಂಜಮ್ಮ, ಮಗೀನ ಎತ್ಕೊ," ಎಂದಳು.

"ಯಾಕವ್ವಾ?"

"ಮೊದ್ಲು ಎತ್ಕೊ. ಆಮೇಲೆ ಹೇಳ್ತೀನಿ."

ಜುಂಜಮ್ಮ ಮಗುವನ್ನು ಸೊಂಟಕ್ಕೆ ಎತ್ತಿಕೊಂಡಳು. ಕೊಲ್ಲಾಪುರಮ್ಮ ಒಂದು ಅಂಗೈಯನ್ನು ಕಲ್ಲಿಗೆ ಇಟ್ಟು ತಳ್ಳಿದಳು. ದೊಡ್ಡ ಬಲವನ್ನೇನೂ ಹಾಕಲಿಲ್ಲ. ಕಲ್ಲು ಗರಗರ ಅಂದಿತು, ಅಲ್ಲಾಡಿತು, ಆಚೆಗೆ ವಾಲಿ ಹೋಗಿಯೇಬಿಟ್ಟಿತು. ಕೆಳಗೆ ಕಮಾನಿನ ಬುಡದ ಬಂಡೆಗೆ ಬಡಿದು ಎರಡು ಹೋಳಾದ ಸದ್ದು ಕೇಳಿಸಿತು. ಕಲ್ಲಿದ್ದ ಜಾಗದಲ್ಲಿ ಗಾರೆ ಇರಲಿಲ್ಲ. ತೋಳು ದಪ್ಪದ ಬೇರು ಮಾತ್ರ ಇತ್ತು, ಅವರಿಬ್ಬರೂ ಹಾಕಿದ ನೀರಿನಿಂದ ಒದ್ದೆಯಾಗಿ.

ಬೊಮ್ಮಕ್ಕ ಎದ್ದು ಬಂದು ಕೆಳಗೆ ಬಗ್ಗಿ ಆ ಎರಡು ಹೋಳುಗಳನ್ನು ನೋಡಿದಳು. ಮೊಮ್ಮಗನ ಕಾಲನ್ನು ಒಮ್ಮೆ ಹಿಡಿದು ಬಿಟ್ಟಳು.

"ಹಾರೆ ಯಾರತ್ರ ಐತೆ?" ಎಂದು ಕೇಳಿದಳು.

ಕೆಲಸ ಇಪ್ಪತ್ತೆರಡು ದಿನ ಹಿಡಿಯಿತು. ಮನೆಗೊಂದು ಆಳು ಬಂತು. ತಡೆಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಇಳಿಸಿ, ಯಾವುದು ಎಲ್ಲಿಯದೆಂದು ಇದ್ದಿಲಿನಲ್ಲಿ ಗುರುತು ಹಾಕಿಕೊಂಡೆವು. ಬೊಮ್ಮಕ್ಕ ಗಿಡಕ್ಕೆ ಕೈಮುಗಿದು, ಬೇರಿನ ಸುತ್ತಲ ಕಲ್ಲು ಮಣ್ಣನ್ನು ತಾನೇ ಬಿಡಿಸಿದಳು, ಬೇರೆಯವರ ಕೈ ತಾಗಲು ಬಿಡಲಿಲ್ಲ. ಗಿಡವನ್ನು ಕಂಬಳಿಯಲ್ಲಿ ಸುತ್ತಿ ನಾಲ್ಕು ಜನ ಹೊತ್ತು ದಡದ ಮೇಲೆ ನೆಟ್ಟೆವು. ಒಳಗೆ ಉಳಿದ ಬೇರಿನ ಎಳೆಗಳನ್ನೂ ಹೆಕ್ಕಿ ತೆಗೆದೆವು.

ಮುಚ್ಚಿದ್ದ ಆರು ತೂತುಗಳನ್ನು ಗೌಡರು ತಮ್ಮ ಕೈಯಾರೆ ಕೆದಕಿ ತೆರೆದರು. ಕೊಲ್ಲಾಪುರಮ್ಮ ಗಾಣದಲ್ಲಿ ಸುಣ್ಣ ಮರಳು ಅರೆದು, ಬೆಲ್ಲದ ನೀರು ಬೆರೆಸಿ ಗಾರೆ ಕೊಟ್ಟಳು. ಇಳಿಸಿದ್ದ ಕಲ್ಲುಗಳನ್ನು ಗುರುತಿನಂತೆ ಮತ್ತೆ ಕೂರಿಸಿ, ಬಾಯಿಬಿಟ್ಟ ಸಂದಿಗಳಿಗೆಲ್ಲ ಅದನ್ನು ಒತ್ತಿ ತುಂಬಿ, ಒದ್ದೆ ಗೋಣಿ ಹೊದಿಸಿ, ಏಳು ದಿನ ಒಣಗಲು ಬಿಡದೆ ನೀರು ಚಿಮುಕಿಸಿದೆವು. ಗೌಡರು ದಿನಕ್ಕೆ ಎರಡು ಸಲ ಕೇಳುತ್ತಿದ್ದರು, "ಸುಣ್ಣ ಯಾವಾಗವ್ವ?" ಅವಳು ಎರಡು ಸಲವೂ ಹೇಳುತ್ತಿದ್ದಳು, "ಕೊನೆಗೆ ಗೌಡ್ರೇ, ಕೊನೆಗೆ."

ಕೊನೆಗೆ ಸುಣ್ಣವೂ ಬಂತು, ತಡೆಗೋಡೆಗೆ ಮಾತ್ರ. ಕಮಾನಿನ ಕಲ್ಲನ್ನು ಉಜ್ಜಿ ತೊಳೆದು ಹಾಗೇ ಬಿಟ್ಟೆವು. ಅಂಥ ಚೆಂದದ ಕಲ್ಲು ನಮ್ಮ ಸುಣ್ಣದ ಅಡಿಯಲ್ಲಿತ್ತೆಂದು ನಮಗೇ ಗೊತ್ತಿರಲಿಲ್ಲ.

ಓವರ್ಸಿಯರು ಹೇಳಿದಂತೆ ಮಳೆಗೆ ಮುಂಚೆಯೇ ಬಂದರು. ಮೇಲೆ ನಡೆದರು, ಕೆಳಗಿಳಿದರು, ಒಂದು ತೂತಿಗೆ ಕೋಲು ಹಾಕಿ ನೋಡಿದರು. "ಮುಳ್ಳು ಬೇಡ," ಎಂದು ಕುದುರೆ ಹತ್ತಿದರು.

ಮಳೆ ಹಿಡಿಯಿತು. ಹಳ್ಳ ಕಮಾನಿನ ಅರ್ಧದವರೆಗೆ ಏರಿತು. ಆರೂ ತೂತುಗಳಿಂದ ನೀರು ಸುರಿಯುವುದನ್ನು ದಡದಲ್ಲಿ ನಿಂತು ನೋಡಿದೆವು. ಸೇತುವೆ ಅಲುಗಲಿಲ್ಲ.

ಆದರೆ ಬೊಮ್ಮಕ್ಕನ ಗಿಡ ಎಲೆ ಉದುರಿಸಿ ಬೋಳಾಗಿತ್ತು. ಅವಳು ದಿನವೂ ಬಂದು ಅದರ ತೊಗಟೆ ಕೆರೆದು ನೋಡುತ್ತಿದ್ದಳು. ನಮಗೆ ಅವಳ ಮುಖ ನೋಡಲು ಸಂಕಟವಾಗುತ್ತಿತ್ತು.

ಹಳ್ಳ ಇಳಿಯದ ಒಂದು ಸೋಮವಾರ ಅವಳು ಹಾಗೇ ಗಿಡದ ಕಟ್ಟೆಯ ಮೇಲೆ ಕೂತಿದ್ದಾಗ ಆಚೆ ದಡದಲ್ಲಿ ಜುಂಜಮ್ಮ ಕಂಡಳು. ಅವಳ ಸೊಂಟದಲ್ಲಿ ಮಗುವಿರಲಿಲ್ಲ. ಬೊಮ್ಮಕ್ಕ ಎದೆ ಒಡೆದಂತೆ ಎದ್ದಳು. ಆಮೇಲೆ ಕಂಡಿತು. ಅವ್ವನ ಬೆರಳು ಹಿಡಿದು ಕ್ಯಾತಣ್ಣ ನಡೆದು ಬರುತ್ತಿದ್ದ. ಎರಡು ಹೆಜ್ಜೆ ಇಟ್ಟು ಬೀಳುವನು, ಗೋಡೆ ಹಿಡಿದು ಏಳುವನು. ಗೋಡೆ ಅವನನ್ನು ತಡೆದುಕೊಂಡಿತು. ಕೆಳಗೆ ಕೆಂಪು ನೀರು ಮೊರೆಯುತ್ತಿತ್ತು. ಇಡೀ ಸೇತುವೆಯನ್ನು ಅವನು ತನ್ನ ಕಾಲಿನಲ್ಲೇ ದಾಟಿದ.

ಬೊಮ್ಮಕ್ಕ ಅವನನ್ನು ಎತ್ತಿ ಅತ್ತಳು. ಆಮೇಲೆ ಬೋಳುಗಿಡದ ಕಡೆ ನೋಡಿ, "ನೀನು ಚಿಗುರು, ಬಿಡು, ನಿನ್ನಿಷ್ಟ. ನನ್ನ ಕೂಸು ದಾಟಿತು," ಎಂದಳು. ಎಂದರೂ ತಂಬಿಗೆ ನೀರು ಹಾಕುವುದನ್ನು ಬಿಡಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಹಾಕುತ್ತಿದ್ದಾಳೆ.

ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮೂರಲ್ಲೂ ಹಳೆಯ ಸೇತುವೆ ಇರುತ್ತದೆ. ಅದು ಚೆಂದ ಕಾಣಲಿ ಎಂಬ ಆಸೆ ತಪ್ಪಲ್ಲ. ಆದರೆ ನಾಳೆ ಬೆಳಿಗ್ಗೆ ಒಮ್ಮೆ ಕೆಳಗಿಳಿಯಿರಿ. ನೀರು ಹೋಗುವ ತೂತು ಮುಚ್ಚಿದೆಯಾ ನೋಡಿ. ಸಂದಿಯಲ್ಲಿ ಗಿಡ ಎದ್ದಿದ್ದರೆ ಬೆರಳುದ್ದ ಇರುವಾಗಲೇ ಕಿತ್ತು ಬೇರೆಡೆ ನೆಡಿ. ಮಕ್ಕಳು ಕೂರುವ ಗೋಡೆಕಲ್ಲನ್ನು ಕೈಯಿಂದ ತಳ್ಳಿ ನೋಡಿ. ಬಾಯಿಬಿಟ್ಟ ಸಂದಿಯನ್ನು ಗಾರೆಯವರಿಂದ ತುಂಬಿಸಿ. ಸುಣ್ಣದ ಮಡಕೆಯನ್ನು ಕೊನೆಗೆ ಮುಟ್ಟಿ.